ಜೀವನದ ಗುಣಮಟ್ಟವೂ ಕಾಲದ ಜಮಾಖರ್ಚೂ

ಆರೋಗ್ಯವೇ ಭಾಗ್ಯವೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಜ್ವರವಿಲ್ಲ, ಕೆಮ್ಮಿಲ್ಲ, ವೈದ್ಯರ ಬಳಿಗೆ ಹೋಗುವ ಪ್ರಸಂಗ ಬಂದಿಲ್ಲ ಎಂದ ಮಾತ್ರಕ್ಕೆ ಮನುಷ್ಯನು ಸುಖಿಯೆಂದು ಹೇಳಲಾಗದು. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ರೋಗವಿಲ್ಲದಿರುವುದನ್ನಷ್ಟೇ ಆರೋಗ್ಯವೆಂದು ಕರೆಯಲಿಲ್ಲ. ದೇಹ, ಮನಸ್ಸು ಮತ್ತು ಸಮಾಜ ಜೀವನ ಈ ಮೂರರ ಕ್ಷೇಮವನ್ನೂ ಅದರಲ್ಲಿ ಸೇರಿಸಿತು.

ಹಾಗಾದರೆ ಈ ಕ್ಷೇಮವನ್ನು ಅಳೆಯುವುದು ಹೇಗೆ? 1990ರ ದಶಕದಲ್ಲಿ ಅದೇ ಸಂಸ್ಥೆಯು ಮದ್ರಾಸು ಮತ್ತು ಹೊಸದಿಲ್ಲಿಗಳೂ ಸೇರಿದಂತೆ ಜಗತ್ತಿನ 15 ಕೇಂದ್ರಗಳಲ್ಲಿ ಅಧ್ಯಯನ ನಡೆಸಿ, ಜೀವನದ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿತು. ಅದರ ಸಂಕ್ಷಿಪ್ತ ರೂಪದಲ್ಲಿ 26 ಪ್ರಶ್ನೆಗಳಿವೆ. ಹಣ ಸಾಕಷ್ಟಿದೆಯೇ ಎಂಬುದು ಅವುಗಳಲ್ಲಿ ಒಂದು ಮಾತ್ರ. ನಿದ್ರೆ, ಸ್ನೇಹಿತರ ನೆರವು, ವಿರಾಮ ಇವುಗಳ ಕುರಿತೂ ಪ್ರಶ್ನೆಗಳುಂಟು. ಸಂಚಾರ ಸೌಕರ್ಯವು ತೃಪ್ತಿಕರವೇ ಎಂಬ ಪ್ರಶ್ನೆಯೂ ಉಂಟು. ಈ ಕೊನೆಯ ಪ್ರಶ್ನೆಯನ್ನು ಡೊಂಬಿವಲಿಯ ಅಥವಾ ಕಲ್ಯಾಣದ ನಿವಾಸಿಯ ಮುಂದಿಟ್ಟರೆ, ಉಳಿದ ಅನೇಕ ಪ್ರಶ್ನೆಗಳಿಗೆ ಉತ್ತರ ಅದರಲ್ಲಿಯೇ ಅಡಗಿರುವುದು ಕಂಡುಬರುತ್ತದೆ.

ರೈಲುಹಾದಿಯ ಊರುಗಳು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಭಾರತದ ಪ್ರಥಮ ಪ್ರಯಾಣಿಕರ ರೈಲು ಬಂದು ನಿಂತುದು ಥಾಣೆಯಲ್ಲಿ. ಮರುವರ್ಷವೇ ಹಳಿಗಳು ಕಲ್ಯಾಣವನ್ನು ಮುಟ್ಟಿದವು. ಈ ಊರುಗಳ ಬೆಳವಣಿಗೆಗೆ ಕಾರಣವಾದುದೂ, ನಿವಾಸಿಗಳ ಬವಣೆಗೆ ಕಾರಣವಾದುದೂ ಆ ಹಳಿಗಳೇ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಥಾಣೆಗೆ ಸುಮಾರು 34 ಕಿಲೋಮೀಟರು, ಡೊಂಬಿವಲಿಗೆ 48, ಕಲ್ಯಾಣಕ್ಕೆ 54.

ಹೋಟೆಲು, ಬ್ಯಾಂಕು, ಗಿರಣಿ, ಕಚೇರಿಗಳಲ್ಲಿ ದುಡಿಯಲೆಂದು ಮುಂಬಯಿ ಸೇರಿದ ಕನ್ನಡಿಗರಲ್ಲಿ ಅನೇಕರು ಮೊದಲು ಚಾಳಿನ ಕೋಣೆಗಳಲ್ಲಿ ನೆಲೆಸಿದರು. ಸಂಸಾರ ಬೆಳೆದಂತೆ ಕೋಣೆ ಸಾಲದಾಯಿತು; ನಗರದೊಳಗೆ ಮನೆಯ ಬೆಲೆ ಕೈಗೆಟುಕದಾಯಿತು. ಸ್ವಂತ ಮನೆಯ ಆಸೆಯಿಂದ ಅವರು ಥಾಣೆ, ಡೊಂಬಿವಲಿ, ಕಲ್ಯಾಣಗಳತ್ತ ಸಾಗಿದರು. ಮನೆ ದೊರೆಯಿತು, ಗಾಳಿ ಬೆಳಕು ದೊರೆಯಿತು, ಮಕ್ಕಳಿಗೆ ಓದಲು ಪ್ರತ್ಯೇಕ ಕೋಣೆಯೂ ದೊರೆಯಿತು. ಉದ್ಯೋಗ ಮಾತ್ರ ಫೋರ್ಟಿನಲ್ಲಿಯೇ ಉಳಿಯಿತು.

ಪಾಸ್‌ಬುಕ್ಕಿನಲ್ಲಿ ಕಾಣದ ಕಂತು

ಮನೆಸಾಲದ ಮಾಸಿಕ ಕಂತು ಎಷ್ಟೆಂಬುದು ಪ್ರತಿಯೊಬ್ಬ ಸಾಲಗಾರನಿಗೂ ರೂಪಾಯಿ ಪೈಸೆಗಳ ಸಹಿತ ತಿಳಿದಿರುತ್ತದೆ. ಆದರೆ ಆ ಮನೆಗಾಗಿ ದಿನನಿತ್ಯ ತೆರುವ ಕಾಲದ ಕಂತನ್ನು ಯಾರೂ ಬರೆದಿಡುವುದಿಲ್ಲ. ಡೊಂಬಿವಲಿಯ ಮನೆಯಿಂದ ಫೋರ್ಟಿನ ಕಚೇರಿಗೆ ರಿಕ್ಷಾ, ಕಾಯುವಿಕೆ, ರೈಲು, ನಡಿಗೆ ಎಲ್ಲ ಸೇರಿ ಹೆಚ್ಚು ಕಡಿಮೆ ಎರಡು ಗಂಟೆ ಎಂದಿಟ್ಟುಕೊಂಡರೆ, ಹೋಗಿ ಬರಲು ನಾಲ್ಕು ಗಂಟೆಯಾಯಿತು. ವರ್ಷಕ್ಕೆ 300 ಕೆಲಸದ ದಿನಗಳೆಂದು ಹಿಡಿದರೆ 1,200 ಗಂಟೆ. ಅಂದರೆ ಹಗಲು ರಾತ್ರಿ ಸೇರಿದ ಪೂರ್ಣ 50 ದಿನಗಳು. ಮೂವತ್ತು ವರ್ಷಗಳ ನೌಕರಿಯಲ್ಲಿ ಇದು 1,500 ದಿನ. ಆಯುಷ್ಯದ ನಾಲ್ಕು ವರ್ಷಗಳಿಗೂ ಮಿಕ್ಕಿದ ಕಾಲ ಹಳಿಗಳ ಮೇಲೆಯೇ ಕಳೆದುಹೋಗುತ್ತದೆ.

ಒಂದು ದಿನದ ಲೆಕ್ಕವನ್ನೂ ನೋಡಬಹುದು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಪ್ರಯಾಣಕ್ಕೆ ನಾಲ್ಕು, ಕಚೇರಿಗೆ ಒಂಬತ್ತು, ವಯಸ್ಕರಿಗೆ ಅತ್ಯಗತ್ಯವಾದ ನಿದ್ರೆಗೆ ಏಳು, ಸ್ನಾನ, ಊಟ, ಮನೆವಾರ್ತೆಗಳಿಗೆ ಮೂರು. ಉಳಿಯುವುದು ಒಂದೇ ಗಂಟೆ. ಮಕ್ಕಳ ಪಾಠ, ವೃದ್ಧ ತಂದೆತಾಯಿಗಳೊಡನೆ ಮಾತು, ವ್ಯಾಯಾಮ, ಸ್ನೇಹ, ಓದು ಎಲ್ಲಕ್ಕೂ ಅದೇ ಆಧಾರ. ಗೃಹಿಣಿಯೂ ನೌಕರಿಗೆ ಹೋಗುವವಳಾದರೆ ಆ ಒಂದು ಗಂಟೆಯೂ ಅವಳ ಪಾಲಿಗಿಲ್ಲ. ಸಂಜೆಯ ಲೋಕಲ್ಲಿನ ಮಹಿಳೆಯರ ಡಬ್ಬಿಯಲ್ಲಿ ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುವ ಕೈಗಳೇ ಇದಕ್ಕೆ ಸಾಕ್ಷಿ. ಹೀಗಿರುವಾಗ ಕೊರತೆ ತುಂಬಲು ಜನರು ಕೈಹಾಕುವುದು ನಿದ್ರೆಗೆ. ಸಾಲದ ಮೇಲೆ ಬಡ್ಡಿ ಬೆಳೆಯುವಂತೆ, ಕಳೆದ ನಿದ್ರೆಯ ಫಲವು ರಕ್ತದೊತ್ತಡ, ಸಿಡುಕು, ಮರೆವುಗಳ ರೂಪದಲ್ಲಿ ಮೆಲ್ಲನೆ ತಲೆದೋರುತ್ತದೆ.

ವಿದ್ವಾಂಸರ ಅಧ್ಯಯನಗಳೂ ಈ ಅನುಭವವನ್ನು ಸಮರ್ಥಿಸುತ್ತವೆ. ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಸ್ ಪ್ರಾಂತದ 909 ಮಂದಿ ಉದ್ಯೋಗಸ್ಥ ಮಹಿಳೆಯರ ದಿನಚರಿಯನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದಿನದ ಕಾರ್ಯಗಳಲ್ಲೆಲ್ಲ ಅತಿ ಕಡಿಮೆ ಸಂತೋಷ ಕೊಡುವವುಗಳ ಸಾಲಿನಲ್ಲಿ ಕೆಲಸಕ್ಕೆ ಹೋಗಿಬರುವ ಪ್ರಯಾಣವಿತ್ತು. ಜರ್ಮನಿಯ ಕುಟುಂಬಗಳ ಮಾಹಿತಿಯನ್ನು ಆಧರಿಸಿ ಅರ್ಥಶಾಸ್ತ್ರಜ್ಞರಾದ ಸ್ಟಟ್ಸರ್ ಮತ್ತು ಫ್ರೈ 2008ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು: ದೀರ್ಘ ಪ್ರಯಾಣದ ನಷ್ಟವನ್ನು ಹೆಚ್ಚಿನ ಸಂಬಳವಾಗಲಿ ಒಳ್ಳೆಯ ಮನೆಯಾಗಲಿ ತುಂಬಿಕೊಡುವುದಿಲ್ಲ. ಮನೆ ಕೊಳ್ಳುವಾಗ ಕೋಣೆಗಳನ್ನು ಎಣಿಸುವವರು ಗಂಟೆಗಳನ್ನು ಎಣಿಸುವುದಿಲ್ಲವೆಂಬುದು ಅಲ್ಲಿಗೂ ಇಲ್ಲಿಗೂ ಸಮಾನವಾದ ಸತ್ಯ.

ಕಾಲ ಉಳಿದರೆ ಸಾಕೇ?

2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಕಾರಣ ಲೋಕಲ್ ರೈಲುಗಳು ಸಾರ್ವಜನಿಕರಿಗೆ ನಿಂತುಹೋದಾಗ, ಮನೆಯಿಂದಲೇ ಕೆಲಸ ಮಾಡಿದವರಿಗೆ ಆ ನಾಲ್ಕು ಗಂಟೆಗಳು ಹಠಾತ್ತನೆ ಕೈಗೆ ಬಂದವು. ಆದರೆ ಅನೇಕರು ಸುಖಿಗಳಾಗಲಿಲ್ಲ, ಒಂಟಿತನ ಕಾಡಿತು. ಲೋಕಲ್ಲಿನ ಭಜನಾ ಮಂಡಳಿಗಳ ತಾಳ, ಪರಿಚಿತ ಮುಖಗಳು, ದಸರೆಯಂದು ಹೂಮಾಲೆ ತೊಡಿಸಿದ ಡಬ್ಬಿಗಳು ಕಣ್ಮರೆಯಾದುವು. ಕಾಲವು ಮೂಲಧನವಷ್ಟೇ, ಅದರ ವಿನಿಯೋಗದಲ್ಲಿ ಲಾಭ ನಷ್ಟಗಳು ಅಡಗಿವೆ. ಅಮೆರಿಕದಲ್ಲಿ 1938ರಲ್ಲಿ ಆರಂಭವಾಗಿ ಇಂದಿಗೂ ಮುಂದುವರಿದಿರುವ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನವು, ಆತ್ಮೀಯ ಸಂಬಂಧಗಳು ಮುಪ್ಪಿನ ಆರೋಗ್ಯವನ್ನು ಕಾಯುತ್ತವೆಂದು ಹೇಳಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಆದುದರಿಂದ ಉಳಿಸಬಹುದಾದ ಗಂಟೆಯನ್ನು ಉಳಿಸುವುದೂ, ಉಳಿದುದನ್ನು ಸದ್ವಿನಿಯೋಗ ಮಾಡುವುದೂ ಸಮಾನವಾಗಿ ಅವಶ್ಯ. 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪನೆಯಾಗಿ ನವಿಮುಂಬಯಿ ರೂಪುಗೊಂಡುದು ವಸತಿ, ಉದ್ಯೋಗಗಳೆರಡನ್ನೂ ಹತ್ತಿರ ತರುವ ಉದ್ದೇಶದಿಂದ. 2004ರಲ್ಲಿ ಥಾಣೆ-ವಾಶಿ ರೈಲುಮಾರ್ಗ ಆರಂಭವಾದ ಬಳಿಕ ಥಾಣೆಯವರು ನವಿಮುಂಬಯಿಯ ನೌಕರಿಗೆ ನೇರವಾಗಿ ಹೋಗಿಬರುವುದು ಸಾಧ್ಯವಾಯಿತು. ಹೊಸ ಉದ್ಯೋಗ, ವರ್ಗಾವಣೆ ಅಥವಾ ಬಡ್ತಿಯ ಪ್ರಶ್ನೆ ಬಂದಾಗ ಸಂಬಳದ ಅಂಕಿಯ ಪಕ್ಕದಲ್ಲಿ ಪ್ರಯಾಣದ ಗಂಟೆಯನ್ನೂ ಬರೆದು ನೋಡುವುದು ಜಾಣತನ. ಮನೆಯ ಹತ್ತಿರದ ಶಾಖೆಯಲ್ಲಿ ತುಸು ಕಡಿಮೆ ಸಂಬಳವೇ ನಿಜವಾದ ಲಾಭವಾಗಿರಬಹುದು.

ಆದರೆ ಎಲ್ಲರಿಗೂ ಈ ಆಯ್ಕೆಯಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಸಮೀಪ ಕಿಕ್ಕಿರಿದ ಲೋಕಲ್ಲುಗಳ ಬಾಗಿಲಲ್ಲಿದ್ದ ಪ್ರಯಾಣಿಕರು ಹಳಿಯ ಮೇಲೆ ಬಿದ್ದು, ಕೆಲವರು ಪ್ರಾಣ ಕಳೆದುಕೊಂಡರು. ಅವರು ಹೊರಟುದು ಹೊಟ್ಟೆಪಾಡಿನ ದಾರಿಯಲ್ಲಿ. ಸುರಕ್ಷಿತ ಸಂಚಾರವು ವ್ಯಕ್ತಿಯ ಸಂಯಮದಿಂದ ಬರುವಂತಹುದಲ್ಲ. ಅದು ಸರಕಾರದ ಹೊಣೆ, ಅದನ್ನು ಕೇಳುವುದು ನಾಗರಿಕರ ಹಕ್ಕು.

ವ್ಯಕ್ತಿಯ ಕೈಯಲ್ಲಿರುವುದೂ ಅಲ್ಪವಲ್ಲ. ಮುಂಜಾನೆ ಥಾಣೆಯ ಮಾಸುಂದಾ ಕೆರೆಯ ದಂಡೆಯಲ್ಲಿ ಅಥವಾ ಕಲ್ಯಾಣದ ಕಾಳಾ ತಲಾವಿನ ಸುತ್ತ ಅರ್ಧ ಗಂಟೆ ಬಿರುಸಾಗಿ ನಡೆಯಬಹುದು. ವಾರಕ್ಕೆ ಐದು ದಿನ ಹೀಗೆ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷಗಳು ಪೂರ್ಣವಾಗುತ್ತವೆ. ರಾತ್ರಿ ಊಟದ ವೇಳೆ ಮೊಬೈಲನ್ನು ದೂರವಿಟ್ಟರೆ ಮನೆಮಂದಿಯೊಡನೆ ಅರ್ಧ ಗಂಟೆ ದೊರೆಯುತ್ತದೆ. ರವಿವಾರದ ಸಂಜೆಯನ್ನು ತಾಳಮದ್ದಳೆ, ಭಜನೆ, ಅರಸಿನ ಕುಂಕುಮ, ಕನ್ನಡ ಕಲಿಕೆಯ ತರಗತಿಗಳಿಗೆ ಮೀಸಲಿಡುವ ಸಂಘಗಳು ಕೇವಲ ಮನರಂಜನೆ ನೀಡುತ್ತಿವೆಯೆಂದು ಭಾವಿಸುವುದು ತಪ್ಪು. ನೆರೆಯವರ ಹೆಸರೂ ತಿಳಿಯದ ಬಹುಮಹಡಿ ಕಟ್ಟಡದಲ್ಲಿ, ಕಷ್ಟಕಾಲಕ್ಕೆ ಬಾಗಿಲು ತಟ್ಟಲು ನಾಲ್ಕು ಮನೆಗಳನ್ನು ಅವು ಸಂಪಾದಿಸಿಕೊಡುತ್ತವೆ.

ವರ್ಷಾಂತ್ಯಕ್ಕೆ ಬ್ಯಾಂಕು ತನ್ನ ಲೆಕ್ಕವನ್ನು ತಾಳೆ ನೋಡುವಂತೆ, ಪ್ರತಿಯೊಂದು ಕುಟುಂಬವೂ ವರ್ಷಕ್ಕೊಮ್ಮೆ ತನ್ನ ಗಂಟೆಗಳ ಲೆಕ್ಕವನ್ನು ಒಟ್ಟಿಗೆ ಕುಳಿತು ನೋಡಬೇಕು. ಹಣ ಕಳೆದರೆ ಮತ್ತೆ ದುಡಿಯಬಹುದು. ಮಕ್ಕಳ ಬಾಲ್ಯವನ್ನು ಮತ್ತೆ ಜಮಾ ಮಾಡಿಕೊಳ್ಳಲು ಯಾವ ಬ್ಯಾಂಕಿನಲ್ಲಿಯೂ ಖಾತೆಯಿಲ್ಲ.