ಸಹಿ ಇಲ್ಲದ ಹಳೆಯ ನೋಟು: ಪ್ರೂಫೋ, ಉಳಿಕೆಯೋ?

ಪ್ರಶ್ನೆ: ಬ್ಯಾಂಕ್ ಆಫ್ ಬೆಂಗಾಲ್‌ನ ನೋಟೊಂದನ್ನು ವ್ಯಾಪಾರಿಯೊಬ್ಬರು ತೋರಿಸಿದರು. ಸಹಿಯಿಲ್ಲ, ನಂಬರಿಲ್ಲ. ‘ಇದು ಪ್ರೂಫ್, ಅಪರೂಪ’ ಎನ್ನುತ್ತಾರೆ. ನಂಬಬಹುದೇ?
– ಓದುಗರೊಬ್ಬರು, ಹೊಸದುರ್ಗ

ಉತ್ತರ: ಸಹಿ ಇಲ್ಲದ್ದಷ್ಟೇ ಸಾಕ್ಷಿಯಾಗದು, ಪ್ರೂಫ್‌ನಲ್ಲೂ ಸಹಿ ಇರುವುದಿಲ್ಲ, ಬಳಸದೆ ಉಳಿದ ನೋಟಿನಲ್ಲೂ ಇರುವುದಿಲ್ಲ. ಮೊದಲು ಕಾಗದ ನೋಡಿ.

ಪ್ರೂಫ್ ಎಂದರೆ ಕೆತ್ತಿದ ತಗಡು ಸರಿಯಿದೆಯೇ ಎಂದು ನೋಡಲು ತೆಗೆದ ಅಚ್ಚು. ಸಾಮಾನ್ಯವಾಗಿ ತೆಳುವಾದ ಕಾಗದ, ಒಂದೇ ಬದಿಯ ಮುದ್ರಣ, ಗೆರೆಗಳು ಬಹಳ ಚುರುಕು. ಎಷ್ಟೋ ಸಲ ದಪ್ಪ ಕಾರ್ಡಿಗೆ ಅಂಟಿಸಿರುತ್ತಾರೆ. ಸಹಿಯ ಜಾಗದಲ್ಲಿ ತೂತು ಹೊಡೆದಿರುವುದೂ ಉಂಟು. ಉಳಿಕೆ ನೋಟು ಹಾಗಲ್ಲ. ಅದು ಚಲಾವಣೆಗೆಂದೇ ಬ್ಯಾಂಕಿನ ಗಟ್ಟಿ ಕಾಗದದ ಮೇಲೆ ಅಚ್ಚಾದದ್ದು. ಬೆಳಕಿಗೆ ಹಿಡಿದರೆ ನೀರುಗುರುತು ಕಾಣಬಹುದು. ನಂಬರು, ತಾರೀಖು, ಸಹಿಯನ್ನು ಕೈಯಲ್ಲಿ ಬರೆಯುವ ಮೊದಲೇ ಅದರ ಕಾಲ ಮುಗಿದಿರುತ್ತದೆ. 1861ರ ಕಾಗದದ ಹಣದ ಕಾಯ್ದೆ ಬಂಗಾಳ, ಬಾಂಬೆ, ಮದ್ರಾಸ್ ಬ್ಯಾಂಕುಗಳ ನೋಟು ಹೊರಡಿಸುವ ಹಕ್ಕನ್ನು ಕಿತ್ತುಕೊಂಡಿತಲ್ಲ!

ಉಳಿಕೆ ನೋಟು ಜನರ ಕೈಗೇ ಹೋಗದ್ದು. ಆದ್ದರಿಂದ ಮೈತುಂಬ ಮಡಿಕೆ, ಜಿಡ್ಡು ಇದ್ದರೆ ಅನುಮಾನಪಡಿ. ಬೆಲೆ ಏರಿಸಲು ಈಚೆಗೆ ಸಹಿ ಗೀಚಿದವೂ ಇರುತ್ತವೆ. ‘ಹೊಳಲ್ಕೆರೆಯ ಅಟ್ಟದಲ್ಲಿ, ಹಿರಿಯೂರಿನ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿತು’ ಎಂಬ ಕಥೆಗೆ ನನ್ನ ಮಟ್ಟಿಗೆ ಕಾಸಿನ ಬೆಲೆಯಿಲ್ಲ.

ಕೊಂಡರೆ, ಕಾರ್ಡಿನಿಂದ ಕೀಳಬೇಡಿ. ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ.