ಕಡಲಿಲ್ಲದ ಊರಿನ ಹೆಸರಲ್ಲೊಂದು ಯುದ್ಧನೌಕೆ

ಶಾಲೆಯ ಕ್ವಿಜ್‌ಗೆ ಓದಿಕೊಳ್ಳುತ್ತಿದ್ದ ಮಗಳು ತಲೆ ಎತ್ತಿ ಕೇಳಿದಳು: "ಅಲ್ಲಪ್ಪಾ, ನಮ್ಮೂರಲ್ಲಿ ಇರೋದು ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ. ಮೈಸೂರು ಅಂತ ಯುದ್ಧದ ಹಡಗು ಹೇಗೆ ಬಂತು?"

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಹುಡುಕುತ್ತಾ ಹೋದರೆ ಒಂದಲ್ಲ, ಎರಡು ಹಡಗು ಸಿಕ್ಕವು.

ಮೊದಲನೆಯದು ನಮ್ಮಲ್ಲಿಗೆ ಬರುವ ಮೊದಲು ಬ್ರಿಟನ್ನಿನ 'ನೈಜೀರಿಯಾ'. 1939ರಲ್ಲಿ ನೀರಿಗಿಳಿದ ಈ ಕ್ರೂಸರ್ ಎರಡನೇ ಮಹಾಯುದ್ಧವನ್ನು ಕಂಡಿತ್ತು. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಸಾಗಿಸುವ ಹಡಗುಗಳಿಗೆ ಕಾವಲಾಗಿ ಹೊರಟಾಗ, ಇಟಲಿಯ ಸಬ್‌ಮರೀನ್ ಹೊಡೆದ ಟಾರ್ಪಿಡೊ ತಗುಲಿ 52 ಮಂದಿ ಸತ್ತರು. ಹಡಗು ಮಾತ್ರ ಮುಳುಗಲಿಲ್ಲ. 1954ರಲ್ಲಿ ಅದನ್ನು ಕೊಂಡ ಭಾರತ, ಬರ್ಕನ್‌ಹೆಡ್‌ನಲ್ಲಿ ರಿಪೇರಿ ಮಾಡಿಸಿ 1957ರ ಆಗಸ್ಟ್ 29ರಂದು 'ಐಎನ್ಎಸ್ ಮೈಸೂರು' ಎಂದು ಹೆಸರಿಟ್ಟು ಸೇವೆಗೆ ಸೇರಿಸಿತು. ಸೆಕೆಂಡ್ ಹ್ಯಾಂಡ್ ಹಡಗೇ, ಆದರೆ ಗಟ್ಟಿ ಹಡಗು.

ನಾವು ಕನ್ನಡಿಗರು ಮರೆಯಬಾರದ ದಿನ ಬಂದದ್ದು 1961ರ ಡಿಸೆಂಬರ್ 18ರಂದು. ಗೋವಾ ವಿಮೋಚನೆಯ ಆ ಹೊತ್ತಿನಲ್ಲಿ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳುವ ಕೆಲಸ 'ಮೈಸೂರು' ಮತ್ತು 'ತ್ರಿಶೂಲ್' ನೌಕೆಗಳದ್ದಾಯಿತು. ನಾವಿಕರ ಮೊದಲ ತಂಡ ದಡ ಸೇರಿತು. ಹಿಂದೆಯೇ ಬಂದವರ ಮೇಲೆ ಗುಂಡಿನ ಮಳೆ ಸುರಿಯಿತು. ಹಡಗಿನ ಫಿರಂಗಿಗಳು ದ್ವೀಪದತ್ತ ತಿರುಗಿದವು. ದ್ವೀಪವೇನೋ ನಮ್ಮದಾಯಿತು, ನೌಕಾಪಡೆಯ ಏಳು ಮಂದಿ ವಾಪಸ್ ಬರಲಿಲ್ಲ.

1971ರ ಯುದ್ಧದಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಆಗ ಪಶ್ಚಿಮ ನೌಕಾದಳದ ಧ್ವಜನೌಕೆ, ಅಂದರೆ ದಳದ ಮುಖ್ಯಸ್ಥರಿದ್ದ ಹಡಗು, ಇದೇ 'ಮೈಸೂರು'. ವಯಸ್ಸಾದ ಮೇಲೂ ಸುಮ್ಮನೆ ಕೂರಲಿಲ್ಲ, ಕೆಡೆಟ್‌ಗಳಿಗೆ ಪಾಠ ಹೇಳುವ ತರಬೇತಿ ನೌಕೆಯಾಯಿತು. 1985ರ ಆಗಸ್ಟ್ 20ರಂದು ನಿವೃತ್ತಿ.

ಹೆಸರು ಮಾತ್ರ ನಿವೃತ್ತಿ ಆಗಲಿಲ್ಲ. ಮುಂಬೈನ ಮಜಗಾಂವ್ ಡಾಕ್‌ನಲ್ಲೇ ಕಟ್ಟಿದ ಹೊಸ 'ಮೈಸೂರು' 1999ರ ಜೂನ್ 2ರಂದು ಸೇವೆಗೆ ಬಂತು. ಕಾರ್ಗಿಲ್ ಯುದ್ಧ ನಡೆಯುತ್ತಿದ್ದ ದಿನಗಳವು. ಹಳೆಯ ಹಡಗಿನ 60 ಎಂಬ ಸಂಖ್ಯೆಯೇ ಇದಕ್ಕೂ. ಲಾಂಛನದಲ್ಲಿ ನಮ್ಮ ಗಂಡಭೇರುಂಡ! ಧ್ಯೇಯವಾಕ್ಯದ ಅರ್ಥ: ಎಂದೂ ಅಂಜದವನು.

2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಗಸ್ತು ತಿರುಗುತ್ತಿದ್ದಾಗ ಇಥಿಯೋಪಿಯಾದ ಸರಕು ಹಡಗೊಂದರ ಕರೆ ಬಂತು. ಬೆನ್ನಟ್ಟಿದ 'ಮೈಸೂರು' 23 ಕಡಲ್ಗಳ್ಳರನ್ನು ಹಿಡಿಯಿತು. 2011ರಲ್ಲಿ ಲಿಬಿಯಾದಲ್ಲಿ ಗಲಭೆಯಾದಾಗ ಅಲ್ಲಿ ಸಿಕ್ಕಿಬಿದ್ದಿದ್ದ ಭಾರತೀಯರನ್ನು ಕರೆತರುವ ಕೆಲಸಕ್ಕೂ ಇದು ಹೋಗಿತ್ತು. 2014ರಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲೂ 'ಮೈಸೂರು' ಆಯಿತು. ಹಡಗಿನ ಮೇಲೆ ಇಂದಿಗೂ ಹಳೆಯ 'ಮೈಸೋರ್' ಸ್ಪೆಲ್ಲಿಂಗೇ.

ಅಂಜದೀವ್ ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು. ಆದರೆ ಇವತ್ತು ಕಾರವಾರದ ಕದಂಬ ನೌಕಾನೆಲೆಯ ಭಾಗ. ಹಾಗಾಗಿ ನಾವು ಬುತ್ತಿ ಕಟ್ಟಿಕೊಂಡು ಹೋಗಿಬರುವ ಜಾಗವಲ್ಲ. ಮುಂದಿನ ರಜೆಗೆ ಕಾರವಾರಕ್ಕೆ ಹೋದರೆ ಟ್ಯಾಗೋರ್ ಕಡಲತೀರದ ಯುದ್ಧನೌಕೆ ಮ್ಯೂಸಿಯಂ ನೋಡಿ. ಹಾಗೇ ದಡದಲ್ಲಿ ಒಂದು ನಿಮಿಷ ನಿಂತು ಮಕ್ಕಳಿಗೆ ಆ ಏಳು ಮಂದಿಯ ಕಥೆ ಹೇಳಿ.

ಮಗಳು ಕ್ವಿಜ್ ನೋಟ್‌ಬುಕ್ಕಿನಲ್ಲಿ ಅಂಜದೀವ್ ಎಂದು ಬರೆದುಕೊಂಡಳು. "ಇದನ್ನ ಕೇಳ್ತಾರೋ ಇಲ್ವೋ ಗೊತ್ತಿಲ್ಲ, ಆದ್ರೂ ಇರಲಿ," ಅಂದಳು.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಈ ಹಡಗುಗಳಲ್ಲಿ ದುಡಿದವರು ಯಾರಾದರೂ ಇದ್ದಾರಾ? ಅವರನ್ನು ಮಾತಾಡಿಸಿ, ನಮಗೂ ಬರೆದು ಕಳಿಸಿ.