ನಿವೃತ್ತರ ದ್ವೀಪವಾಸ: ಆರೋಗ್ಯ ಮತ್ತು ಹಣಕಾಸಿನ ವಿಚಾರ

ರಾಜಧಾನಿಯಲ್ಲಿ ಮೂವತ್ತು, ಮೂವತ್ತೈದು ವರ್ಷ ಸೇವೆ ಸಲ್ಲಿಸಿದ ಕನ್ನಡಿಗನಿಗೆ ನಿವೃತ್ತಿಯ ಹೊತ್ತಿಗೆ ಎದುರಾಗುವ ಪ್ರಶ್ನೆ, ಇನ್ನು ಮುಂದೆ ನೆಲೆಸುವುದೆಲ್ಲಿ ಎಂಬುದು. ಹಿಂದೆ ಇದಕ್ಕೆ ಸಿದ್ಧವಾದ ಉತ್ತರವಿತ್ತು: ಹುಟ್ಟೂರಿನ ಮನೆ, ಇಲ್ಲವೇ ಬೆಂಗಳೂರು ಮೈಸೂರುಗಳಲ್ಲಿ ಕೊಂಡಿಟ್ಟ ನಿವೇಶನ. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಉತ್ತರವೂ ಕೇಳಿಬರುತ್ತಿದೆ. ಎಲ್.ಟಿ.ಸಿ. ಸೌಲಭ್ಯದಲ್ಲಿ ಅಂಡಮಾನಿಗೆ ಹೋಗಿ ಬಂದ ದಂಪತಿಗಳು, ಅಲ್ಲಿನ ತಿಳಿಗಡಲನ್ನೂ ಹಸಿರು ಕಾಡನ್ನೂ ಕಂಡು, ಉಳಿದ ಆಯುಷ್ಯವನ್ನು ಅಲ್ಲಿಯೇ ಕಳೆಯಬಾರದೇಕೆ ಎಂದು ಯೋಚಿಸುತ್ತಾರೆ.

ಈ ಯೋಚನೆ ನಿರಾಧಾರವಾದುದಲ್ಲ. ಗಾಳಿಯಲ್ಲಿನ ಅತಿಸೂಕ್ಷ್ಮ ಧೂಳಿನ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ದೆಹಲಿಯ ವಾರ್ಷಿಕ ಸರಾಸರಿಯಾದರೋ ನಮ್ಮ ದೇಶದ ಮಿತಿಯ ಎರಡು ಪಟ್ಟಿಗೂ ಮಿಗಿಲು. ಕಾರ್ತಿಕ ಮಾಸ ಬಂತೆಂದರೆ ಶ್ವಾಸರೋಗಿಗಳು ಬೆಳಗಿನ ತಿರುಗಾಟವನ್ನೇ ನಿಲ್ಲಿಸಬೇಕಾದ ಊರಿನಿಂದ ಸಮುದ್ರದ ಗಾಳಿಯೆಡೆಗೆ ಮನಸ್ಸು ಹರಿಯುವುದು ಸಹಜವೇ. ಆದರೆ ಎಂಟು ದಿನದ ಪ್ರವಾಸ ಬೇರೆ, ಇಪ್ಪತ್ತು ವರ್ಷದ ವಾಸ ಬೇರೆ.

ದ್ವೀಪಗಳ ಪರಿಚಯ

ಅಂಡಮಾನ್ ಮತ್ತು ನಿಕೋಬಾರ್ ದ್ವೀಪಸಮೂಹದ ವಿಸ್ತೀರ್ಣ 8,249 ಚದರ ಕಿಲೋಮೀಟರು. ಇದರಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಅರಣ್ಯ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 3.8 ಲಕ್ಷ. ರಾಜಧಾನಿಯಾದ ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಲ್ಲಿ ಶ್ರೀವಿಜಯಪುರಂ ಎಂಬ ಹೊಸ ಹೆಸರನ್ನು ಪಡೆಯಿತು. ಚೆನ್ನೈಯಿಂದ ಅಲ್ಲಿಗೆ ಸುಮಾರು 1,360 ಕಿಲೋಮೀಟರು. ಹಡಗಿನಲ್ಲಿ ಹೆಚ್ಚುಕಡಮೆ ಮೂರು ದಿನದ ಪ್ರಯಾಣ. 1949ರಿಂದ ಪೂರ್ವಬಂಗಾಳದ ನಿರಾಶ್ರಿತರೂ, 1969ರಿಂದ ಗ್ರೇಟ್ ನಿಕೋಬಾರಿನಲ್ಲಿ ಮಾಜಿ ಸೈನಿಕರೂ ಇಲ್ಲಿ ನೆಲೆಗೊಂಡರು. ಬಂಗಾಳಿ, ತಮಿಳು, ತೆಲುಗು, ಮಲಯಾಳಂ ಭಾಷೆಗಳನ್ನಾಡುವವರು ಪರಸ್ಪರ ಹಿಂದಿಯಲ್ಲಿ ವ್ಯವಹರಿಸುತ್ತಾರೆ. ಆದುದರಿಂದ ದೆಹಲಿಯ ಕನ್ನಡಿಗರಿಗೆ ಭಾಷೆಯ ತೊಡಕಿಲ್ಲ.

ಇನ್ನು ಲಕ್ಷದ್ವೀಪ. 1956ರ ನವೆಂಬರ್ 1ರಂದು, ಅಂದರೆ ವಿಶಾಲ ಮೈಸೂರು ರಾಜ್ಯ ಉದಯಿಸಿದ ದಿನವೇ, ಅದು ಕೇಂದ್ರಾಡಳಿತ ಪ್ರದೇಶವಾಯಿತು. ಅದರ ಅಮಿನಿ ಗುಂಪಿನ ದ್ವೀಪಗಳು ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ತೆಂಗಿನ ನಾರು ಹೊತ್ತ ಅಲ್ಲಿನ ಹಾಯಿಹಡಗುಗಳು ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದವು. ಈ ಹಳೆಯ ನಂಟಿದ್ದರೂ ಇಂದು ಅಲ್ಲಿ ನೆಲೆಸುವ ಆಸೆ ಕೈಗೂಡುವುದು ದುಸ್ತರ. ಒಟ್ಟು ನೆಲವೇ 32 ಚದರ ಕಿಲೋಮೀಟರು. ಪ್ರವೇಶಕ್ಕೇ ಪರವಾನಗಿ ಬೇಕು. ನಿವಾಸಿಗಳಲ್ಲಿ ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡಕ್ಕೆ ಸೇರಿದವರಾದುದರಿಂದ, ಅವರ ಭೂಮಿಯನ್ನು ಹೊರಗಿನವರು ಪಡೆಯದಂತೆ ಕಾನೂನಿನ ರಕ್ಷಣೆಯಿದೆ. ಅಲ್ಲಿ ನದಿಗಳಿಲ್ಲ, ಮಳೆಯ ನೀರು ಹವಳದ ಮರಳಿನೊಳಗೆ ಇಳಿದು, ಭಾರವಾದ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಅತಿಯಾಗಿ ಸೇದಿದರೆ ಬಾವಿಗೆ ಉಪ್ಪು ಏರುತ್ತದೆ. ಈ ಕಾರಣದಿಂದಲೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಆರಂಭವಾಯಿತು.

ಆರೋಗ್ಯದ ದೃಷ್ಟಿ

ಅಂಡಮಾನಿನಲ್ಲಿ ಮೇ ತಿಂಗಳಿಂದ ಡಿಸೆಂಬರಿನವರೆಗೆ ಮಳೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಸುರಿಯುತ್ತದೆ; ವಾತಾವರಣದ ತೇವಾಂಶ ಶೇಕಡಾ 80ರ ಆಸುಪಾಸು. ಹೊಗೆ ಧೂಳುಗಳಿಂದ ಉಬ್ಬಸಪಡುವವರಿಗೆ ಇಲ್ಲಿ ನೆಮ್ಮದಿ ದೊರೆಯಬಹುದು. ಆದರೆ ಬೂಷ್ಟು ಮತ್ತು ಹಾಸಿಗೆಯ ಧೂಳಿನ ನುಸಿಗಳು ತೇವದಲ್ಲಿಯೇ ಹುಲುಸಾಗಿ ಬೆಳೆಯುವುದರಿಂದ, ಇವುಗಳಿಂದ ಉಬ್ಬಸ ಬರುವವರಿಗೆ ದ್ವೀಪವಾಸ ಬಾಣಲೆಯಿಂದ ಬೆಂಕಿಗೆ ಬಿದ್ದಂತಾದೀತು. ತಮ್ಮ ಉಬ್ಬಸ ಯಾವ ಬಗೆಯದೆಂದು ವೈದ್ಯರಿಂದ ಮೊದಲೇ ತಿಳಿದುಕೊಳ್ಳುವುದು ಲೇಸು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ, ಬೆವರು ಹೆಚ್ಚಾದಾಗ ದೇಹದ ಉಪ್ಪಿನಂಶ ಕುಗ್ಗುವ ಸಂಭವವಿದೆ. ಅಂಥವರು ಹೊರಡುವ ಮುನ್ನ ಮಾತ್ರೆಯ ಪ್ರಮಾಣದ ಬಗೆಗೆ ವೈದ್ಯರ ಸಲಹೆ ಪಡೆಯಬೇಕು.

ಕರಾವಳಿಯವರಿಗೆ ಪರಿಚಿತವಾದ ಇಲಿಜ್ವರ ಇಲ್ಲಿಯೂ ಉಂಟು. 1988ರಿಂದ ಉತ್ತರ ಅಂಡಮಾನಿನಲ್ಲಿ ರಕ್ತಸ್ರಾವದಿಂದ ಕೂಡಿದ ಜ್ವರವೊಂದು ಕಾಣಿಸಿಕೊಂಡಿತು. ಅದು ಇಲಿಜ್ವರದ ಉಗ್ರರೂಪವೆಂಬುದು ಆಮೇಲೆ ಗೊತ್ತಾಯಿತು. ಪೋರ್ಟ್ ಬ್ಲೇರಿನಲ್ಲಿ 1983ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರ ಈ ರೋಗದ ಬಗೆಗೆ ಗಣನೀಯ ಕೆಲಸ ಮಾಡಿದೆ. ಇಲಿ ಮತ್ತು ದನಕರುಗಳ ಮೂತ್ರ ಸೇರಿದ ನೀರಿನಿಂದ, ಕಾಲಿನ ಗಾಯದ ಮೂಲಕ ರೋಗಾಣು ದೇಹವನ್ನು ಹೊಗುತ್ತದೆ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ತೋಟ ಸುತ್ತದಿರುವುದೂ, ಜ್ವರ ಬಂದೊಡನೆ ರಕ್ತಪರೀಕ್ಷೆ ಮಾಡಿಸುವುದೂ ಅವಶ್ಯ. ಸೊಳ್ಳೆಪರದೆಯಂತೂ ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಆಸ್ಪತ್ರೆಯ ಅಂತರ. ರಾಜಧಾನಿಯಲ್ಲಿ ಜಿ.ಬಿ. ಪಂತ್ ಆಸ್ಪತ್ರೆಯಿದೆ, 2015ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಗಿದೆ. ಆದರೆ ಬೇರೆ ದ್ವೀಪದಲ್ಲಿ ಮನೆ ಮಾಡಿದವನಿಗೆ ರಾತ್ರಿ ಎದೆನೋವು ಬಂದರೆ ನಡುವೆ ಇರುವುದು ಸಮುದ್ರ. ಆರ್.ಕೆ. ಪುರಂನಿಂದ ಏಮ್ಸಿಗೆ ಅರ್ಧ ಗಂಟೆಯೊಳಗೆ ತಲುಪುವ ಅಭ್ಯಾಸವಿರುವವರು ಇದನ್ನು ಮರೆಯಲಾಗದು. ಹೃದಯರೋಗ, ಮೂತ್ರಪಿಂಡದ ತೊಂದರೆ ಇರುವವರು ನೆಲೆಸುವುದಾದರೆ ಶ್ರೀವಿಜಯಪುರಂನಲ್ಲಿಯೇ ನೆಲೆಸತಕ್ಕದ್ದು. ನಿತ್ಯದ ಔಷಧಿಗಳು ಎರಡು ತಿಂಗಳಿಗೆ ಸಾಲುವಷ್ಟು ಮನೆಯಲ್ಲಿರಬೇಕು. ಮಾತ್ರೆಗಳನ್ನು ತೇವ ತಗಲದ ಡಬ್ಬಿಯಲ್ಲಿಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ವಿದ್ಯುತ್ ನಿಂತಾಗ ಅದನ್ನು ತಣ್ಣಗಿಡುವ ಏರ್ಪಾಡು ಮಾಡಿಕೊಂಡಿರಬೇಕು.

ಅಂಡಮಾನ್ ನಮ್ಮ ಮೂಡಣದಂಚಿನಲ್ಲಿದ್ದರೂ ಗಡಿಯಾರ ದೆಹಲಿಯದೇ. ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮಕ್ಕಳಿಲ್ಲದ ಮನೆಯಲ್ಲಿ, ನೆಂಟರಿಲ್ಲದ ಊರಿನಲ್ಲಿ, ಆ ದೀರ್ಘ ಸಂಜೆಗಳು ವೃದ್ಧರ ಮನಸ್ಸನ್ನು ಕುಗ್ಗಿಸಬಲ್ಲವು. ದೇಹದಷ್ಟೇ ಮನಸ್ಸಿನ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೆಲ ಮತ್ತು ಹಣ

ಅಂಡಮಾನಿನ ಭೂಮಿಯ ವ್ಯವಹಾರ 1966ರ ಭೂಕಂದಾಯ ಮತ್ತು ಭೂಸುಧಾರಣಾ ನಿಯಮಾವಳಿಗೆ ಒಳಪಟ್ಟಿದೆ. ಅದರಂತೆ ಭೂಮಿಯೆಲ್ಲ ಕೇಂದ್ರ ಸರ್ಕಾರಕ್ಕೆ ಸೇರಿದುದು; ಹಿಡುವಳಿದಾರನಿಗಿರುವುದು ಷರತ್ತುಗಳಿಂದ ಕೂಡಿದ ಹಕ್ಕು. ಕೃಷಿಗೆಂದು ಕೊಟ್ಟ ನೆಲದಲ್ಲಿ ಮನೆ ಕಟ್ಟಲು ಅನುಮತಿ ಬೇಕು. ಬುಡಕಟ್ಟು ಜನರ ಮೀಸಲು ಪ್ರದೇಶಗಳಿಗೆ 1956ರ ನಿಯಮಾವಳಿಯ ರಕ್ಷಣೆಯಿದ್ದು, ಅಲ್ಲಿಗೆ ಹೊರಗಿನವರ ಪ್ರವೇಶಕ್ಕೇ ನಿರ್ಬಂಧವಿದೆ. ಆದುದರಿಂದ ದಲ್ಲಾಳಿಯ ಮಾತನ್ನು ನಂಬಿ ಮುಂಗಡ ಕೊಡುವ ಮೊದಲು ಡೆಪ್ಯುಟಿ ಕಮಿಷನರರ ಕಚೇರಿಯಲ್ಲಿ ದಾಖಲೆ ನೋಡಿಸುವುದು ಕ್ಷೇಮ. 2002ರ ಭೂಕಂಪ ನಕ್ಷೆಯಲ್ಲಿ ಈ ದ್ವೀಪಗಳೆಲ್ಲ ಅತ್ಯಂತ ಅಪಾಯದ ಐದನೆಯ ವಲಯದಲ್ಲಿದ್ದವು. 2004ರ ಡಿಸೆಂಬರ್ 26ರ ಸುನಾಮಿ ಅದಕ್ಕೆ ಸಾಕ್ಷಿಯಾಯಿತು. ಕಡಲ ದಂಡೆಯ ಚೆಲುವಾದ ನಿವೇಶನಕ್ಕಿಂತ ದಿಣ್ಣೆಯ ಮೇಲಿನ ಸಾಧಾರಣ ಮನೆಯೇ ಮೇಲು.

ಪಿಂಚಣಿಗೆ ಅಡ್ಡಿಯಿಲ್ಲ. ಪ್ರತಿ ನವೆಂಬರಿನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನು 2014ರಿಂದ ವಿದ್ಯುನ್ಮಾನದ ಮೂಲಕ ಸಲ್ಲಿಸಬಹುದಾಗಿದೆ. ಆದರೆ ಸಿ.ಜಿ.ಎಚ್.ಎಸ್. ಅಥವಾ ಆರೋಗ್ಯವಿಮೆಯ ಸೌಲಭ್ಯ ಅಲ್ಲಿ ಯಾವ ಆಸ್ಪತ್ರೆಯಲ್ಲಿ ದೊರೆಯುತ್ತದೆಂದು ಬರಹದಲ್ಲಿಯೇ ಕೇಳಿ ತಿಳಿಯಬೇಕು. ದೆಹಲಿಯ ಮನೆಯನ್ನು ಮಾರಿದರೆ, ಲಾಭದ ಮೇಲಿನ ತೆರಿಗೆಯ ವಿನಾಯಿತಿಗಾಗಿ ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು. ದ್ವೀಪದ ಭೂಮಿಯ ಅನುಮತಿ ತಡವಾದರೆ ಈ ಅವಧಿ ಕೈತಪ್ಪುವ ಭಯವಿದೆ. ತುರ್ತು ವಿಮಾನಯಾನಕ್ಕೆಂದು, ರೋಗಿಗೂ ಜೊತೆಯವರಿಗೂ ಸಾಲುವಷ್ಟು ಹಣವನ್ನು ಯಾವಾಗ ಬೇಕಾದರೂ ತೆಗೆಯಬಹುದಾದ ಖಾತೆಯಲ್ಲಿ, ಗಂಡಹೆಂಡಿರ ಜಂಟಿ ಹೆಸರಿನಲ್ಲಿ ಇಟ್ಟಿರಬೇಕು. ಒಬ್ಬರು ಹಾಸಿಗೆ ಹಿಡಿದಾಗ ಇನ್ನೊಬ್ಬರ ಕೈ ಕಟ್ಟಿದಂತಾಗಬಾರದು.

ಈ ಎಲ್ಲವನ್ನೂ ತೂಗಿ ನೋಡಿದರೆ ಮಧ್ಯಮಮಾರ್ಗವೇ ಹಿತವೆನಿಸುತ್ತದೆ. ದೆಹಲಿಯ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟು, ದ್ವೀಪದಲ್ಲಿಯೂ ಬಾಡಿಗೆಗೇ ಇದ್ದು, ಒಂದು ಪೂರ್ಣ ವರ್ಷವನ್ನು, ವಿಶೇಷವಾಗಿ ಒಂದು ಮಳೆಗಾಲವನ್ನು, ಅಲ್ಲಿ ಕಳೆದು ನೋಡಬೇಕು. ಅಥವಾ ಹೊಗೆ ಕವಿಯುವ ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಅಲ್ಲಿದ್ದು ಮರಳಿ ಬರಬಹುದು. ನಿವೃತ್ತನ ಬಳಿ ಕಳೆದುಕೊಂಡರೆ ಮತ್ತೆ ಸಂಪಾದಿಸಲಾಗದ ವಸ್ತುಗಳು ಎರಡು: ಆರೋಗ್ಯ ಮತ್ತು ಕೂಡಿಟ್ಟ ಹಣ. ಇವೆರಡಕ್ಕೂ ಭಂಗ ಬಾರದಂತೆ ನೋಡಿಕೊಂಡವರಿಗೆ ದ್ವೀಪವಾಸ ಸುಖವನ್ನೇ ತಂದೀತು.